ಗೋಪಾಲಯ್ಯನವರು ಪರಿಸರವಾದಿಯೇ?

ಪ್ರಶ್ನೆ: ಶಿವರಾಮ ಕಾರಂತರ ‘ಬೆಟ್ಟದ ಜೀವ’ ಕಾದಂಬರಿಯನ್ನು ಆಧರಿಸಿದ ಚಲನಚಿತ್ರಕ್ಕೆ 2010ನೇ ಸಾಲಿನ ರಾಷ್ಟ್ರಪ್ರಶಸ್ತಿ ಬಂದದ್ದು ಪರಿಸರ ಸಂರಕ್ಷಣೆಯ ವಿಭಾಗದಲ್ಲಿ. ಕಾದಂಬರಿಯನ್ನು ಓದಿದರೆ ಅದರ ಮುಖ್ಯ ಪಾತ್ರವಾದ ಗೋಪಾಲಯ್ಯನವರು ಕಾಡು ಕಡಿದು ಅಡಿಕೆ ತೋಟ ಮಾಡಿದವರು; ಹುಲಿ ಬೇಟೆಯೂ ಅದರಲ್ಲಿದೆ. ಸಂರಕ್ಷಣೆ ಎಲ್ಲಿಂದ ಬಂತು ಸ್ವಾಮಿ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಪ್ರಶಸ್ತಿ ಕೊಡುವವರಿಗೆ ಯಾವುದಾದರೂ ಒಂದು ಖಾನೆ ಬೇಕು, ತೆರೆಯ ತುಂಬ ಹಸಿರು ಕಂಡಿತು, ಅಲ್ಲಿ ಸೇರಿಸಿದರು ಎಂದು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ನಿಮ್ಮ ಪ್ರಶ್ನೆ ಅಷ್ಟಕ್ಕೆ ಮುಗಿಯುವಂಥದ್ದಲ್ಲ. ನಾನೂ ಸುಬ್ರಹ್ಮಣ್ಯದ ಸೀಮೆಯಲ್ಲಿ ಅಡಿಕೆ ಬೆಳೆಯುವವನು, ಗೋಪಾಲಯ್ಯನವರ ಕಡೆಗೆ ತುಸು ವಾಲಿದರೆ ಸಹಿಸಿಕೊಳ್ಳಿ.

ಅವರು ಕಾಡು ಕಡಿದದ್ದು ನಿಜ. ಕಾರಂತರು ಅದನ್ನು ಮುಚ್ಚಿಡಲು ಹೋಗಿಲ್ಲ. ಹಾಗೆ ಮಾಡಿದ ಕಾಟುಮೂಲೆಯ ತೋಟವೆಂದರೆ ಮುದುಕರಿಗೆ ಹೆಮ್ಮೆಯೇ. ಆದರೆ ಆ ತೋಟಕ್ಕೆ ಆನೆ ನುಗ್ಗುತ್ತದೆ, ದನಕ್ಕೆ ಹುಲಿಯ ಕಾಟವಿದೆ. ಕಾಡು ಅವರಿಗೆ ದೇವರ ಗುಡಿಯೂ ಆಗಿರಲಿಲ್ಲ, ಮರದ ಗೋದಾಮೂ ಆಗಿರಲಿಲ್ಲ. ಜಗಳವಾಡುತ್ತಲೇ ಜೊತೆಗಿರಬೇಕಾದ, ತಮಗಿಂತ ಬಲವಾದ ನೆರೆಮನೆಯಾಗಿತ್ತು.

ತೋಟವನ್ನು ಹತ್ತಿರದಿಂದ ನೋಡಿದರೆ ಇದು ಬೇಗ ತಿಳಿಯುತ್ತದೆ. ಸಸಿ ನೆಟ್ಟು ಫಸಲು ಕಾಣಲು ಐದಾರು ವರ್ಷ ಬೇಕು. ಮಳೆ ಹಿಡಿಯುವ ಮೊದಲೇ ಕೊಳೆರೋಗಕ್ಕೆ ಮದ್ದು ಬಿಡಬೇಕು: 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. 40–45 ದಿನ ಕಳೆದು ಇನ್ನೊಮ್ಮೆ. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆ ಬಿಡುವು ಕೊಡದೆ ಎರಡನೆಯ ಮದ್ದು ತಪ್ಪಿತೋ, ಎಳೆಯ ಕಾಯಿ ಕೊಳೆತು ಮರದ ಬುಡದ ತುಂಬ ಉದುರಿ ಬೀಳುತ್ತದೆ. ಬುಡಕ್ಕೆ ಹಾಕುವ ಸೊಪ್ಪು ಬರುವುದು ಕುಮ್ಕಿಯಿಂದ, ಅಂದರೆ ತೋಟಕ್ಕೆ ತಾಗಿದ ಸರಕಾರಿ ಜಾಗದಿಂದ; ನೀರು ಬರುವುದು ಮೇಲಿನ ಗುಡ್ಡದ ಒರತೆಯಿಂದ. ಕಾಡನ್ನು ಪೂರ್ತಿ ಬೋಳಿಸಿದವನಿಗೆ ಈ ಬೆಳೆ ದಕ್ಕುವುದಿಲ್ಲ. ಗೋಪಾಲಯ್ಯನವರ ಕೊಡಲಿಗೆ ಮಿತಿ ಹಾಕಿದ್ದು ಕಾನೂನೂ ಅಲ್ಲ, ಕರುಣೆಯೂ ಅಲ್ಲ; ಈ ಲೆಕ್ಕಾಚಾರ.

ಕಾದಂಬರಿಯ ತತ್ತ್ವ ಅಡಗಿರುವುದು ಮಾತ್ರ ಇನ್ನೊಂದು ಕಡೆ ಎಂದು ನನಗೆ ಅನ್ನಿಸುತ್ತದೆ. ಗೋಪಾಲಯ್ಯನವರ ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ. ತಾಯಿ ಶಂಕರಮ್ಮನವರು ದಾರಿ ನೋಡುತ್ತಲೇ ದಿನ ದೂಡುತ್ತಾರೆ. ನೋಡಿಕೊಳ್ಳುವ ಕೈ ಇಲ್ಲದೆ ಒಂದೆರಡು ಮಳೆಗಾಲ ಕಳೆದರೆ ಸಾಕು, ತೋಟವನ್ನು ಪೊದೆ ಮುಚ್ಚುತ್ತದೆ. ಹಾಗಾದರೆ ಮನುಷ್ಯ ಬೆಟ್ಟದಲ್ಲಿ ಬೇರೂರುವುದು ಎಂದರೇನು? ಜಾಗದ ಪಟ್ಟೆ ಯಾರ ಹೆಸರಿನಲ್ಲಿದೆ ಎಂಬುದೋ, ಯಾರು ಅಲ್ಲೇ ಉಳಿದು ಬುಡ ಬಿಡಿಸುತ್ತಾರೆ ಎಂಬುದೋ? ತೋಟ ನೋಡಿಕೊಂಡಿರುವ ನಾರಾಯಣ ಮತ್ತು ಲಕ್ಷ್ಮಿ ದಂಪತಿ ಬರುವ ಕಾಟುಮೂಲೆಯ ಪುಟಗಳನ್ನು ಈ ಪ್ರಶ್ನೆ ಇಟ್ಟುಕೊಂಡು ಮತ್ತೊಮ್ಮೆ ಓದಿ.

ನನ್ನದೊಂದು ತಕರಾರೂ ಇದೆ. ದಾರಿ ತಪ್ಪಿದ ನಿರೂಪಕನನ್ನು ಗೋಪಾಲಯ್ಯನವರ ಮನೆ ಮುಟ್ಟಿಸುವವರು ಆ ಊರಿನ ದೇರಣ್ಣ ಮತ್ತು ಬಟ್ಯ. ಆ ಕಾಡಿನ ಕತ್ತಲೆಯಲ್ಲೂ ಹೆಜ್ಜೆ ತಪ್ಪದವರು ಅವರು. ಮರ ಕಡಿಯುವ, ಗುಂಡಿ ತೋಡುವ ಕೆಲಸವೆಲ್ಲ ಧಣಿಯೊಬ್ಬರ ಕೈಯಿಂದಲೇ ಆಗುವಂಥದ್ದಲ್ಲ. ಬೆಟ್ಟ ಅವರಿಗೆ ಹೇಗೆ ಕಂಡಿತ್ತು? ಕಾದಂಬರಿ ಅವರನ್ನು ಅಂಗಳದಲ್ಲೇ ನಿಲ್ಲಿಸಿ, ಮಾತನ್ನು ಚಾವಡಿಯಲ್ಲಿ ಮುಂದುವರಿಸುತ್ತದೆ. ನೀವು ಪ್ರಬಂಧ ಬರೆಯುವುದಾದರೆ ಪ್ರಶಸ್ತಿಯ ಖಾನೆಗಿಂತ ಇದು ಒಳ್ಳೆಯ ವಿಷಯ.

ಪ್ರಶ್ನೆ: 1943ರಲ್ಲಿ ಕಾಡು ಕಡಿದವನನ್ನು ಮೆಚ್ಚಿ ಬರೆದ ಕಾರಂತರು ಮುಂದೆ ಕೈಗಾ ಅಣುಸ್ಥಾವರವನ್ನು ವಿರೋಧಿಸಿದರಲ್ಲ, ಇದು ಇಬ್ಬಂದಿತನವಲ್ಲವೇ?
– ನಿವೃತ್ತ ಬ್ಯಾಂಕ್ ನೌಕರ, ಮೈಸೂರು

ಉತ್ತರ: ವಿರೋಧಿಸಿದ್ದಷ್ಟೇ ಅಲ್ಲ, ಎಂಬತ್ತು ದಾಟಿದ ವಯಸ್ಸಿನಲ್ಲಿ, 1989ರಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು ಕೂಡ. ನನಗೆ ಇದರಲ್ಲಿ ಇಬ್ಬಂದಿತನ ಕಾಣುವುದಿಲ್ಲ. ಗೋಪಾಲಯ್ಯನವರ ಲೆಕ್ಕ ತಪ್ಪಿದ್ದರೆ ಮೊದಲು ಉಪವಾಸ ಬೀಳುತ್ತಿದ್ದವರು ಅವರದೇ ಮನೆಯವರು ಮತ್ತು ಒಕ್ಕಲುಗಳು. ಸ್ಥಾವರದ ಲೆಕ್ಕ ಹಾಕಿದವರು ಸ್ಥಾವರವಿರುವ ಕಾಳಿ ನದಿಯ ದಂಡೆಯಲ್ಲಿ ಮನೆ ಕಟ್ಟಿಕೊಂಡು ಇದ್ದವರಲ್ಲ. ಹಾಗೆಂದು ಹೇಳಿದ ಮೇಲೆ, ನಾನು ಈ ಉತ್ತರವನ್ನು ಬರೆಯುತ್ತಿರುವುದು ವಿದ್ಯುತ್ ದೀಪದ ಬೆಳಕಿನಲ್ಲಿ ಎಂದು ನೀವು ಮತ್ತೊಂದು ಪತ್ರ ಬರೆಯುತ್ತೀರಿ, ಗೊತ್ತು. ಬರೆಯಿರಿ.

ಪ್ರಶ್ನೆ: ಕಾದಂಬರಿಯ ಜಾಗಗಳನ್ನು ನೋಡಲು ಯಾವಾಗ ಬರಬೇಕು?
– ಗೃಹಿಣಿ, ದಾವಣಗೆರೆ

ಉತ್ತರ: ನಿರೂಪಕ ದಾರಿ ತಪ್ಪಿದ ಸುಬ್ರಹ್ಮಣ್ಯ–ಪಂಜದ ನಡುವೆ ಈಗ ಬಸ್ಸಿನಲ್ಲೇ ಹೋಗಬಹುದು. ಡಿಸೆಂಬರ್‌ನಲ್ಲಿ ಬಂದರೆ 1712 ಮೀಟರ್ ಎತ್ತರದ ಕುಮಾರ ಪರ್ವತ ಸ್ಪಷ್ಟವಾಗಿ ಕಾಣುತ್ತದೆ, ಅಂಗಳಗಳಲ್ಲಿ ಅಡಿಕೆ ಒಣಗುತ್ತಿರುತ್ತದೆ. ಷಷ್ಠಿಯ ಜಾತ್ರೆಯ ದಿನಗಳನ್ನು ಬಿಟ್ಟು ಬನ್ನಿ, ಇಲ್ಲವಾದರೆ ಉಳಿಯಲು ಕೋಣೆ ಸಿಗುವುದಿಲ್ಲ. ಮಳೆಗಾಲದಲ್ಲೇ ಬರುವ ಹಟವಿದ್ದರೆ ಉಂಬಳಕ್ಕೆ (ರಕ್ತ ಹೀರುವ ಜಿಗಣೆಗೆ) ಸುಣ್ಣ, ಹೊಗೆಸೊಪ್ಪು ತನ್ನಿ.