ಕ್ಯಾಲಿಫೋರ್ನಿಯಾದ ಕ್ಯಾಥೊಲಿಕ್ ಹೈಸ್ಕೂಲಿನಲ್ಲಿ ಒಂದು ವರ್ಷದ ಆರ್ಟ್ಸ್: ಯಾವುದು ತಗೊಳ್ಳೋದು?

ಮಗಳು ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಥೊಲಿಕ್ ಹೈಸ್ಕೂಲಿಗೆ ಒಂಬತ್ತನೇ ಕ್ಲಾಸಿಗೆ ಸೇರುತ್ತಿದ್ದಾಳೆ, ಕರ್ನಾಟಕ ಸಂಗೀತ ಕಲಿಯುತ್ತಿದ್ದಾಳೆ, ವಿಷುವಲ್ ಅಂಡ್ ಪರ್ಫಾರ್ಮಿಂಗ್ ಆರ್ಟ್ಸ್ ಒಂದು ವರ್ಷ ಕಡ್ಡಾಯವಂತೆ ಎಂದು ಬರೆದಿದ್ದೀರಿ. ಯಾವುದನ್ನು ತಗೊಂಡರೆ ಒಳ್ಳೆಯದು, ನಾವು ಹಿಂದೂಗಳು, ಅವಳಿಗೆ ಇರಿಸುಮುರಿಸು ಆಗುತ್ತಾ ಎಂದು ಕೇಳಿದ್ದೀರಿ. ನನ್ನ ಮಗ ಇಂಥದೇ ಒಂದು ಸ್ಕೂಲಿನಲ್ಲಿ ಓದಿದ. ನಾನು ಅಲ್ಲಿ ನಾಟಕಕ್ಕೆ ಸೆಟ್ ಕಟ್ಟುವ ಅಪ್ಪಂದಿರ ಗುಂಪಿನಲ್ಲಿದ್ದೆ. ಹಾಗಾಗಿ ನನ್ನ ಉತ್ತರ ಸ್ವಲ್ಪ ಸ್ಟೇಜ್ ಕಡೆಗೇ ವಾಲುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ಕಡ್ಡಾಯದ ಮಾತು ಮೊದಲು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ ಅರ್ಜಿ ಹಾಕಲು ಎ ಇಂದ ಜಿ ವರೆಗೆ ಒಂದು ವಿಷಯಗಳ ಪಟ್ಟಿ ಇದೆ. ಅದರಲ್ಲಿ ಎಫ್ ಅಂದರೆ ಈ ಆರ್ಟ್ಸ್. ಡ್ಯಾನ್ಸ್, ಮ್ಯೂಸಿಕ್, ಥಿಯೇಟರ್, ಚಿತ್ರಕಲೆ ಇತ್ಯಾದಿಗಳಲ್ಲಿ ಒಂದನ್ನು ಇಡೀ ವರ್ಷ ಓದಬೇಕು, ಸಿ ಅಥವಾ ಅದಕ್ಕಿಂತ ಮೇಲಿನ ಗ್ರೇಡ್ ಬರಬೇಕು. ಅರ್ಧ ವರ್ಷ ಡ್ರಾಯಿಂಗ್, ಇನ್ನರ್ಧ ವರ್ಷ ಡ್ರಾಮಾ ಅಂದರೆ ನಡೆಯುವುದಿಲ್ಲ, ಎರಡೂ ಸೆಮಿಸ್ಟರ್ ಒಂದೇ ಕಲೆಯದಾಗಿರಬೇಕು. ಹೊರಗೆ ಗುರುಗಳ ಹತ್ತಿರ ಕಲಿತ ಸಂಗೀತ ತಾನಾಗಿ ಈ ಲೆಕ್ಕಕ್ಕೆ ಬರುವುದಿಲ್ಲ. ಸ್ಕೂಲಿನ ಕೋರ್ಸ್‌ಗೆ ಯೂನಿವರ್ಸಿಟಿ ಒಪ್ಪಿಗೆ ಇದೆಯಾ ಎಂದು ಅವರದೇ ಪಟ್ಟಿಯಲ್ಲಿ ನೋಡಿಕೊಳ್ಳಿ.

ಆದರೆ ಲೆಕ್ಕ ತೀರಿಸಿದರೆ ಸಾಕು ಅಂತ ಸುಮ್ನೆ ಯಾವುದೋ ಒಂದು ಕ್ಲಾಸ್ ಆರಿಸಬೇಡಿ. ಈ ಸ್ಕೂಲುಗಳಲ್ಲಿ ಆರ್ಟ್ಸ್‌ನ ನಿಜವಾದ ಕೆಲಸ ಹೆಚ್ಚಾಗಿ ನಡೆಯುವುದು ಗಂಟೆ ಹೊಡೆದ ಮೇಲೆ. ಸಂಜೆ ಅವಳು ಯಾವುದಕ್ಕೆ ಖುಷಿಯಿಂದ ಉಳಿದುಕೊಳ್ಳುತ್ತಾಳೋ ಅದನ್ನೇ ತಗೊಳ್ಳಲಿ.

ಕ್ವಾಯರ್, ಅಂದರೆ ಗುಂಪುಗಾಯನ, ತಗೊಂಡರೆ ವರ್ಷ ಹೇಗಿರುತ್ತದೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ನಿಮ್ಮ ಮಗಳಿಗೆ ಅದೇ ಹತ್ತಿರ ಅಲ್ವಾ. ಸ್ಕೂಲಿನ ಬಲಿಪೂಜೆಗಳಲ್ಲಿ (ಕ್ಯಾಥೊಲಿಕರ ಮುಖ್ಯ ಆರಾಧನೆ, ಇಂಗ್ಲಿಷಿನಲ್ಲಿ ಮಾಸ್) ಹಾಡುವವರು ಸಾಮಾನ್ಯವಾಗಿ ಇವರೇ. ಹಾಗಾಗಿ ಕ್ವಾಯರ್ ಎರಡು ಕ್ಯಾಲೆಂಡರ್ ನೋಡಿಕೊಂಡು ನಡೆಯುತ್ತದೆ, ಒಂದು ಸ್ಕೂಲಿನದು, ಇನ್ನೊಂದು ಚರ್ಚಿನದು. ಡಿಸೆಂಬರ್ ಇದಕ್ಕೆ ಒಳ್ಳೆಯ ಉದಾಹರಣೆ. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳು ಆಗಮನ ಕಾಲ, ಯೇಸುವಿನ ಹುಟ್ಟಿಗಾಗಿ ಕಾಯುವ ಕಾಲ. ಆಗಿನ ಪೂಜೆಯಲ್ಲಿ ಕ್ರಿಸ್ಮಸ್ ಹಾಡು ಹಾಡುವ ರೂಢಿ ಇಲ್ಲ, ಗ್ಲೋರಿಯಾ ಎಂಬ ಸ್ತುತಿಗೀತೆ ಕೂಡ ಬಿಟ್ಟುಬಿಡುತ್ತಾರೆ. ಆದರೆ ಸ್ಕೂಲಿನ ಕ್ರಿಸ್ಮಸ್ ಕಾನ್ಸರ್ಟ್ ಬರುವುದು ಅದೇ ವಾರಗಳಲ್ಲಿ, ಯಾಕೆಂದರೆ ಆಮೇಲೆ ರಜೆ! ಆದ್ದರಿಂದ ಬೆಳಿಗ್ಗೆ ಚಾಪೆಲ್‌ನಲ್ಲಿ ಕಾಯುವ ಹಾಡು, ಸಂಜೆ ಆಡಿಟೋರಿಯಂನಲ್ಲಿ ಹುಟ್ಟಿದ ಸಂಭ್ರಮದ ಹಾಡು. ಮಕ್ಕಳು ಎರಡನ್ನೂ ಒಟ್ಟಿಗೆ ಕಲಿಯುತ್ತಾರೆ.

ಬೂದಿ ಬುಧವಾರದಿಂದ ತಪಸ್ಸು ಕಾಲ, ಅಂದರೆ ಈಸ್ಟರ್‌ಗೆ ಮುಂಚಿನ ವ್ರತದ ವಾರಗಳು (ಲೆಂಟ್). ಅಲ್ಲಿಂದ ಈಸ್ಟರ್ ತನಕ ಅಲ್ಲೆಲೂಯ ಎಂಬ ಸಂತೋಷದ ಘೋಷ ಹಾಡುವಂತಿಲ್ಲ, ಕೆಲವು ದಿನ ಬಿಟ್ಟರೆ ವಾದ್ಯಗಳೂ ಹಾಡಿಗೆ ಆಸರೆಯಾಗಿ ಮಾತ್ರ. ಪಕ್ಕವಾದ್ಯ ಹಿಂದೆ ಸರಿದಾಗ ಶ್ರುತಿ ಎಲ್ಲಿ ಜಾರುತ್ತದೆ ಅಂತ ತಕ್ಷಣ ಗೊತ್ತಾಗುತ್ತದೆ. ಆ ವಾರಗಳಲ್ಲೇ ಕ್ವಾಯರ್ ನಿಜವಾಗಿ ಸುಧಾರಿಸುತ್ತದೆ ಅಂತ ನನ್ನ ಅಭಿಪ್ರಾಯ.

ನಿಮ್ಮ ಮಗಳ ಶ್ರುತಿಜ್ಞಾನ, ತಾಳ ಎರಡೂ ಅಲ್ಲಿ ಬಹಳ ಉಪಯೋಗಕ್ಕೆ ಬರುತ್ತವೆ. ಕಷ್ಟ ಬೇರೆ ಕಡೆ ಇದೆ. ನಮ್ಮಲ್ಲಿ ಒಬ್ಬರೇ ಹಾಡಿ ಗಮಕದಲ್ಲಿ ರಾಗದ ಜೀವ ತೋರಿಸಬೇಕು. ಅಲ್ಲಿ ಸ್ವರ ಅಲುಗದೆ ನಿಲ್ಲಬೇಕು, ಪಕ್ಕದವಳ ದನಿಯಲ್ಲಿ ಇವಳ ದನಿ ಕರಗಬೇಕು. ಜೊತೆಗೆ ಬೇರೆ ಗುಂಪು ಬೇರೆ ಸ್ವರ ಹಾಡುತ್ತಿರುವಾಗ ತನ್ನ ಸಾಲನ್ನು ಬಿಡದೆ ಹಿಡಿದುಕೊಳ್ಳಬೇಕು. ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ ಓದುವುದನ್ನು ಬೇಸಿಗೆಯಲ್ಲೇ ಸ್ವಲ್ಪ ಅಭ್ಯಾಸ ಮಾಡಿಸಿದರೆ ಅರ್ಧ ಭಾರ ಇಳಿಯುತ್ತದೆ.

ಥಿಯೇಟರ್‌ನಲ್ಲಿ ಸಾಮಾನ್ಯವಾಗಿ ಅಕ್ಟೋಬರ್-ನವೆಂಬರ್‌ನಲ್ಲಿ ಒಂದು ಮಾತಿನ ನಾಟಕ, ಮಾರ್ಚ್-ಏಪ್ರಿಲ್‌ನಲ್ಲಿ ಮ್ಯೂಸಿಕಲ್, ಅಂದರೆ ಹಾಡು-ಕುಣಿತದ ನಾಟಕ. ಚಾಪೆಲ್‌ನಲ್ಲಿ ತಪಸ್ಸು ಕಾಲದ ಮೌನ ಇರುವಾಗಲೇ ಆಡಿಟೋರಿಯಂನಲ್ಲಿ ಟ್ಯಾಪ್ ಡ್ಯಾನ್ಸ್ ತಾಲೀಮು ನಡೆಯುತ್ತಿರುತ್ತದೆ. ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಈಸ್ಟರ್‌ಗೆ ಮುಂಚಿನ ಪವಿತ್ರ ವಾರ ಬಂದರೆ ಮಾತ್ರ ಎಲ್ಲ ಬಂದ್, ಹಾಗಾಗಿ ಈಸ್ಟರ್ ಯಾವಾಗ ಬರುತ್ತದೆ ಎಂದು ನೋಡಿಕೊಂಡೇ ಪ್ರದರ್ಶನದ ದಿನ ಗೊತ್ತುಮಾಡುತ್ತಾರೆ.

ಯಾವ ನಾಟಕ ಆಡಬೇಕು ಎಂಬುದರಲ್ಲಿ ಎಳೆದಾಟ ಇದ್ದೇ ಇರುತ್ತದೆ. ಮ್ಯೂಸಿಕ್ ಥಿಯೇಟರ್ ಇಂಟರ್‌ನ್ಯಾಷನಲ್, ಕಾನ್‌ಕಾರ್ಡ್ ಥಿಯೇಟ್ರಿಕಲ್ಸ್‌ನಂಥ ಕಂಪನಿಗಳಿಂದ ಹಣ ಕೊಟ್ಟು ಹಕ್ಕು ತರಬೇಕು. ಅವರ ಒಪ್ಪಿಗೆ ಇಲ್ಲದೆ ಒಂದು ಬೈಗುಳವನ್ನೂ ತೆಗೆಯುವಂತಿಲ್ಲ. ಅದಕ್ಕೇ ಸ್ಕೂಲಿಗಾಗಿಯೇ ತಿದ್ದಿದ ಆವೃತ್ತಿಗಳನ್ನು ಹುಡುಕುತ್ತಾರೆ. ಕ್ಯಾಥೊಲಿಕ್ ಸ್ಕೂಲು ಮತ್ತು ನಾಟಕದ ಈ ಜಗ್ಗಾಟ ಹಳೆಯದು. 1599ರಲ್ಲಿ ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಗಳು ತಮ್ಮ ಶಾಲೆಗಳಿಗೆ ಮಾಡಿದ ನಿಯಮಗಳಲ್ಲಿ ನಾಟಕ ಲ್ಯಾಟಿನ್‌ನಲ್ಲೇ ಇರಬೇಕು, ತೀರಾ ಅಪರೂಪವಾಗಿರಬೇಕು, ಹೆಣ್ಣು ಪಾತ್ರವಾಗಲಿ ಹೆಣ್ಣು ವೇಷವಾಗಲಿ ಬರಬಾರದು ಎಂದಿತ್ತು. ಈಗ ನೋಡಿದರೆ ಹುಡುಗರ ಸ್ಕೂಲಿನವರೇ ಅಕ್ಕಪಕ್ಕದ ಹುಡುಗಿಯರ ಸ್ಕೂಲಿನಿಂದ ಆಡಿಷನ್‌ಗೆ ಕರೆಯುತ್ತಾರೆ. ಅಂದಹಾಗೆ, ಪೋಪ್ ಎರಡನೇ ಜಾನ್ ಪಾಲ್ ಚಿಕ್ಕ ವಯಸ್ಸಿನಲ್ಲಿ ತಾವೇ ಬಣ್ಣ ಹಚ್ಚಿದವರು, ನಾಟಕ ಬರೆದವರು. 1999ರಲ್ಲಿ ಕಲಾವಿದರಿಗೆಂದೇ ಒಂದು ಪತ್ರ ಬರೆದರು.

ಪಾತ್ರ ಸಿಗದಿದ್ದರೆ ಬೇಸರ ಬೇಡ. ಸ್ಟೇಜ್ ಹಿಂದಿನ ಕೆಲಸ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಬೇಗ ಸಿಗುತ್ತದೆ. ಲೈಟು, ಸೌಂಡು, ವೇಷಭೂಷಣ, ಸೆಟ್ಟು. ಪ್ರದರ್ಶನಕ್ಕೆ ಮುಂಚಿನ ಟೆಕ್ ವೀಕ್ ಮದುವೆಯ ಹಿಂದಿನ ದಿನ ಇದ್ದ ಹಾಗೆ, ಎಲ್ಲರಿಗೂ ಸಿಟ್ಟು, ಯಾವುದೂ ಮುಗಿದಿರುವುದಿಲ್ಲ. ಆ ವಾರ ರಾತ್ರಿ ಮನೆಗೆ ಬರುವುದು ತಡ. ಹೋಮ್‌ವರ್ಕ್ ಮುಂಚೆಯೇ ಮುಗಿಸಿಕೊಂಡಿರಬೇಕು.

ಚಿತ್ರಕಲೆ ಬಗ್ಗೆ ನನಗೆ ಹೇಳುವುದು ಕಡಿಮೆ. ಮೊದಲ ವರ್ಷ ಪೆನ್ಸಿಲ್, ನೆರಳು-ಬೆಳಕು, ಬಣ್ಣ, ಕೆಲವು ಕಡೆ ಮಣ್ಣಿನ ಕೆಲಸ. ಮುಂದೆ ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸ್) ಆರ್ಟ್ ಅಂಡ್ ಡಿಸೈನ್ ತಗೊಂಡರೆ ಲಿಖಿತ ಪರೀಕ್ಷೆ ಇಲ್ಲ. ಒಂದೇ ಪ್ರಶ್ನೆಯನ್ನು ಬೆನ್ನಟ್ಟಿ ಮಾಡಿದ ಕೆಲಸದ 15 ಚಿತ್ರಗಳು, ಜೊತೆಗೆ ಆರಿಸಿದ 5 ಕೃತಿಗಳನ್ನು ಮೇ ತಿಂಗಳಲ್ಲಿ ಸಲ್ಲಿಸಬೇಕು. ಸದ್ಯಕ್ಕೆ ಅದರ ಚಿಂತೆ ಬೇಡ.

ಇನ್ನು ಧರ್ಮದ ವಿಷಯ. ಬಲಿಪೂಜೆಗೆ ಎಲ್ಲ ಮಕ್ಕಳೂ ಹೋಗುತ್ತಾರೆ, ಧರ್ಮದ ಪಾಠವೂ ಎಲ್ಲರಿಗೂ ಇರುತ್ತದೆ. ಪೂಜೆಯಲ್ಲಿ ಕೊಡುವ ಪರಮಪ್ರಸಾದ (ಕಮ್ಯುನಿಯನ್) ಕ್ಯಾಥೊಲಿಕರಿಗೆ ಮಾತ್ರ. ಉಳಿದವರು ಕೂತಿರಬಹುದು, ಎಷ್ಟೋ ಕಡೆ ಎದೆ ಮೇಲೆ ಕೈ ಕಟ್ಟಿಕೊಂಡು ಹೋಗಿ ಆಶೀರ್ವಾದ ಪಡೆಯುವ ರೂಢಿ ಇದೆ. ಹಾಡುವುದಕ್ಕೆ ಕ್ಯಾಥೊಲಿಕ್ ಆಗಿರಬೇಕಿಲ್ಲ, ಮಗನ ಜೊತೆ ಸಿಖ್ ಹುಡುಗನೊಬ್ಬ ಚೆನ್ನಾಗಿ ಬೇಸ್, ಅಂದರೆ ತೀರಾ ಕೆಳಗಿನ ದನಿಯ ಸಾಲು, ಹಾಡುತ್ತಿದ್ದ. ಆದರೆ ಕ್ವಾಯರ್‌ನಲ್ಲಿದ್ದು ಭಕ್ತಿಗೀತೆ ಮಾತ್ರ ಹಾಡಲ್ಲ ಅಂದರೆ ಆಗುವುದಿಲ್ಲ, ಗ್ರೇಡ್ ಇರುವುದೇ ಅದರಲ್ಲಿ. ನಿಮಗಾಗಲಿ ಅವಳಿಗಾಗಲಿ ಅದು ಒಗ್ಗದಿದ್ದರೆ ಥಿಯೇಟರ್ ಅಥವಾ ಆರ್ಟ್ ಕ್ಲಾಸ್ ಆರಿಸಿ, ಅಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ.

ನನ್ನನ್ನು ಕೇಳಿದರೆ ಕ್ವಾಯರ್ ಕ್ಲಾಸು, ಜೊತೆಗೆ ಮ್ಯೂಸಿಕಲ್‌ನಲ್ಲಿ ಸ್ಟೇಜ್ ಹಿಂದೆ ಒಂದು ಕೆಲಸ. ಸೇರಿಸುವ ಮುಂಚೆ ಕ್ವಾಯರ್ ಟೀಚರ್ ಹತ್ತಿರ ಸಂಜೆಯ ತಾಲೀಮು ಯಾವ ಯಾವ ದಿನ ಅಂತ ಕೇಳಿ ಬರೆದುಕೊಳ್ಳಿ. ಸಂಗೀತದ ಗುರುಗಳ ಪಾಠ ಅದೇ ಹೊತ್ತಿಗೆ ಬಂದರೆ ಗುರುಗಳಿಗೆ ಆಗಸ್ಟ್‌ನಲ್ಲೇ ಹೇಳಿ ದಿನ ಬದಲಾಯಿಸಿಕೊಳ್ಳಿ. ಮಾರ್ಚ್‌ನಲ್ಲಿ ಕೇಳಿದರೆ ಯಾವ ಗುರುಗಳಿಗೂ ಸಿಟ್ಟು ಬರುತ್ತದೆ.