ಕಲಬುರಗಿಯಲ್ಲಿ ಡಿಟಿಪಿ ಅಂಗಡಿ ಇಡುತ್ತಿದ್ದೇನೆ, ಎಲ್ಲರ ಹಾಗೆ ಕ್ರ್ಯಾಕ್ ಸಾಫ್ಟ್‌ವೇರ್ ಹಾಕಿಕೊಂಡರೆ ನಡೆಯುತ್ತಾ?

ನೀವು ಕೇಳಿದ್ದು ಎರಡು ಮಾತು. ಸೂಪರ್ ಮಾರ್ಕೆಟ್ ಹತ್ತಿರ ಜೆರಾಕ್ಸ್, ಡಿಟಿಪಿ, ಆನ್‌ಲೈನ್ ಅರ್ಜಿಯ ಸಣ್ಣ ಅಂಗಡಿ ಇಡುತ್ತಿದ್ದೀರಿ, ಅಕ್ಕಪಕ್ಕದವರೆಲ್ಲ ಕ್ರ್ಯಾಕ್ ಮಾಡಿದ, ಅಂದರೆ ಕೀಲಿ ಒಡೆದು ದುಡ್ಡು ಕೊಡದೆ ನಡೆಸುವ ವಿಂಡೋಸ್, ಡಿಸೈನಿಗೆ ಬಳಸುವ ಕೋರೆಲ್, ಫೋಟೋಶಾಪ್ ಇಟ್ಟುಕೊಂಡಿದ್ದಾರೆ, ನೀವೂ ಹಾಕಿದರೆ ಏನಾಗುತ್ತದೆ ಅಂತ. ಇನ್ನೊಂದು, ಅಷ್ಟು ದೊಡ್ಡ ಕಂಪನಿಗಳಿಗೆ ಒಂದು ಗಟ್ಟಿ ಕೀಲಿ ಹಾಕಿ ಈ ನಕಲು ನಿಲ್ಲಿಸೋಕೆ ಯಾಕೆ ಆಗುತ್ತಿಲ್ಲ ಅಂತ. ನಾನು ಇದೇ ಊರಲ್ಲಿ ಕಂಪ್ಯೂಟರ್ ಅಸೆಂಬಲ್, ರಿಪೇರಿ ಮಾಡುವವನು. ಹಾಕಬೇಡಿ ಅನ್ನುವುದೇ ನನ್ನ ಉತ್ತರ. ಪೊಲೀಸರ ಮಾತು ಆಮೇಲೆ ಹೇಳುತ್ತೇನೆ. ಅದಕ್ಕಿಂತ ದೊಡ್ಡ ಕಾರಣ ಒಂದಿದೆ: ನಿಮ್ಮ ಮಷೀನಿನಲ್ಲಿ ಇರುವ ಸಾಮಾನು ನಿಮ್ಮದಲ್ಲ, ಗಿರಾಕಿಗಳದು.

ಮೊದಲು ಕೀಲಿಯ ವಿಷಯ. ಈ ಜಗಳ ಕಂಪ್ಯೂಟರ್ ಮನೆಗೆ ಬಂದ ದಿನದಿಂದಲೂ ಇದೆ. 1976ರ ಫೆಬ್ರವರಿಯಲ್ಲೇ ಬಿಲ್ ಗೇಟ್ಸ್ ಒಂದು ಬಹಿರಂಗ ಪತ್ರ ಬರೆದಿದ್ದರು. ಆಲ್ಟೇರ್ ಕಂಪ್ಯೂಟರ್ ಇಟ್ಟುಕೊಂಡವರಲ್ಲಿ ನಮ್ಮ ಬೇಸಿಕ್ ಅನ್ನೋ ಪ್ರೋಗ್ರಾಂ ಅನ್ನು ದುಡ್ಡು ಕೊಟ್ಟು ತೊಗೊಂಡವರು ಶೇಕಡಾ 10ಕ್ಕಿಂತ ಕಡಿಮೆ, ಉಳಿದವರೆಲ್ಲ ಒಬ್ಬರಿಂದ ಒಬ್ಬರು ಕಾಪಿ ಮಾಡಿಕೊಂಡಿದ್ದಾರೆ ಅನ್ನೋದು ಅವರ ಸಿಟ್ಟು. ಆಗ ಪ್ರೋಗ್ರಾಂ ಬರುತ್ತಿದ್ದದ್ದು ತೂತು ಹಾಕಿದ ಕಾಗದದ ಪಟ್ಟಿಯ ಮೇಲೆ. ಆಮೇಲೆ ಫ್ಲಾಪಿ ಬಂತು, ಫ್ಲಾಪಿಗೆ ಕೀಲಿಯೂ ಬಂತು. ಲೋಟಸ್ 1-2-3 ಅನ್ನೋ ಲೆಕ್ಕದ ಪ್ರೋಗ್ರಾಂ ಹಾರ್ಡ್ ಡಿಸ್ಕಿಗೆ ಹಾಕಿಕೊಂಡಿದ್ದರೂ ಶುರುವಾಗಲು ಮೂಲ ಫ್ಲಾಪಿಯನ್ನು ಕೇಳುತ್ತಿತ್ತು. ಆ ಫ್ಲಾಪಿ ಕೆಟ್ಟರೆ ದುಡ್ಡು ಕೊಟ್ಟವನೇ ಕೈಕಟ್ಟಿ ಕೂರಬೇಕು. ಕಾಪಿ ಹೊಡೆದವನಿಗೆ ಆ ಕಷ್ಟ ಇರಲಿಲ್ಲ, ಯಾಕೆಂದರೆ ಅವನ ಕಾಪಿಯಲ್ಲಿ ಆ ಪ್ರಶ್ನೆ ಕೇಳುವ ಭಾಗವನ್ನೇ ಯಾರೋ ಕಿತ್ತು ಹಾಕಿರುತ್ತಿದ್ದರು.

ಅದಾದ ಮೇಲೆ ಡಾಂಗಲ್, ಅಂದರೆ ಕಂಪ್ಯೂಟರಿಗೆ ಚುಚ್ಚುವ ಒಂದು ಸಣ್ಣ ಲಾಕ್. ಹಳೆಯ ಡಿಟಿಪಿಯವರನ್ನು ಕೇಳಿ ನೋಡಿ, ಕನ್ನಡ ಟೈಪಿಂಗ್‌ನ ಶ್ರೀಲಿಪಿ ಸಾಫ್ಟ್‌ವೇರ್ ಜೊತೆ ಬರುತ್ತಿದ್ದ ಲಾಕ್ ಅಂದರೆ ಅವರಿಗೆ ಈಗಲೂ ನೆನಪಿದೆ. ಆ ಲಾಕ್ ತೆಗೆದರೆ ಕೆಲಸ ನಿಂತಂತೆ. ಅದರ ಕೆಲಸ ಬಹಳ ಸರಳ. ಪ್ರೋಗ್ರಾಂ ಒಂದು ಸಂಖ್ಯೆ ಕಳಿಸುತ್ತದೆ, ಡಾಂಗಲ್ ಒಳಗಿನ ಗುಟ್ಟಿನ ಲೆಕ್ಕ ಮಾಡಿ ಉತ್ತರ ಕೊಡುತ್ತದೆ, ಉತ್ತರ ಸರಿ ಇದ್ದರೆ ಮುಂದೆ, ಇಲ್ಲದಿದ್ದರೆ ಬಂದ್. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ಬಂದ ಆಕ್ಟಿವೇಷನ್ ಕೂಡ ಇದೇ ಜಾತಿ. ಅಲ್ಲಿ ಡಾಂಗಲ್ ಬದಲು ನಿಮ್ಮ ಮಷೀನಿನ ಬಿಡಿಭಾಗಗಳ ಗುರುತನ್ನೇ ಹಿಡಿದು ಕಂಪನಿಯ ಸರ್ವರ್ ಜೊತೆ ತಾಳೆ ನೋಡುತ್ತಾರೆ.

ಹಾಗಾದರೆ ಒಡೆಯುವುದು ಎಲ್ಲಿ? ಆ ಕೊನೆಯ 'ಸರಿ ಇದ್ದರೆ, ಇಲ್ಲದಿದ್ದರೆ' ಅನ್ನುವ ಜಾಗದಲ್ಲಿ. ಡಾಂಗಲ್ ಒಳಗಿನ ಲೆಕ್ಕ ಎಷ್ಟೇ ಕಷ್ಟದ್ದಿರಲಿ, ಪ್ರೋಗ್ರಾಂ ಕೊನೆಗೆ ಹೌದೋ ಅಲ್ಲವೋ ಅಂತ ಒಂದು ಕಡೆ ತೀರ್ಮಾನ ಮಾಡಲೇಬೇಕು. ಆ ತೀರ್ಮಾನ ನಿಮ್ಮ ಮಷೀನಿನೊಳಗೇ ನಡೆಯುತ್ತದೆ. ಎಷ್ಟೋ ಹಳೆಯ ಪ್ರೋಗ್ರಾಂಗಳಲ್ಲಿ ಅಲ್ಲಿದ್ದ 74 ಅನ್ನುವ ಒಂದೇ ಒಂದು ಬೈಟನ್ನು ಇಬಿ ಅಂತ ತಿದ್ದಿದರೆ ಸಾಕಿತ್ತು. ಉತ್ತರ ಸರಿ ಇದ್ದರೆ ಮಾತ್ರ ಜಿಗಿ ಅನ್ನೋದು, ಏನೇ ಆಗಲಿ ಜಿಗಿ ಅಂತ ಆಗಿಬಿಡುತ್ತದೆ. ಈಗ ಆ ಜಾಗವನ್ನು ನೂರು ಕಡೆ ಬಚ್ಚಿಡುತ್ತಾರೆ, ಗೋಜಲು ಮಾಡುತ್ತಾರೆ, ಆದರೂ ಕೀಲಿ, ಕೀಲಿಕೈ ಎರಡನ್ನೂ ಒಬ್ಬನ ಕೈಗೇ ಕೊಟ್ಟು ತೆಗೆಯಬೇಡ ಅಂದ ಹಾಗೆ ಇದು. ಪುರುಸೊತ್ತು ಇದ್ದವನು ಒಂದಿನ ತೆಗೆದೇ ತೆಗೆಯುತ್ತಾನೆ. ಪೂರ್ತಿ ತಡೆಯಬೇಕಾದರೆ ಒಂದೇ ದಾರಿ, ಕೆಲಸವನ್ನೇ ಕಂಪನಿಯ ಸರ್ವರಿನಲ್ಲಿ ಇಟ್ಟುಕೊಳ್ಳುವುದು. ಎಲ್ಲವೂ ಈಗ ತಿಂಗಳ ಬಾಡಿಗೆಯ ಕಡೆ ಹೊರಟಿರುವುದಕ್ಕೆ ಇದೂ ಒಂದು ಕಾರಣ. ಫೋಟೋಶಾಪ್ ಮಾಡುವ ಅಡೋಬಿಯವರು 2013ರಿಂದಲೇ ಆ ಬಾಡಿಗೆಯ ದಾರಿ ಹಿಡಿದರು.

ಕಂಪನಿಗಳ ಪರ ವಾದ ಮಾಡುತ್ತಿದ್ದೇನೆ ಅಂದುಕೊಳ್ಳಬೇಡಿ. ಕೀಲಿ ಹಾಕುವ ಹುಮ್ಮಸ್ಸಿನಲ್ಲಿ ಅವರೂ ಗಿರಾಕಿಯ ಮೇಲೆ ಅನ್ಯಾಯ ಮಾಡಿದ್ದಾರೆ. 2005ರಲ್ಲಿ ಸೋನಿ ಬಿಎಂಜಿ ತನ್ನ ಹಾಡಿನ ಸಿಡಿಗಳಲ್ಲಿ ಕಾಪಿ ತಡೆಯೋಕೆ ಅಂತ ರೂಟ್‌ಕಿಟ್ ತುಂಬಿಸಿ ಕಳಿಸಿತ್ತು. ಸಿಡಿ ಕೊಂಡವನ ಕಂಪ್ಯೂಟರಿನಲ್ಲಿ ಅವನಿಗೇ ಕಾಣದಂತೆ ಅದು ಅಡಗಿ ಕೂರುತ್ತಿತ್ತು. 2007ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್‌ನ ಪರೀಕ್ಷೆಯ ಸರ್ವರ್ ಕೆಟ್ಟು, ಅಸಲಿ ವಿಂಡೋಸ್ ಇಟ್ಟವರಿಗೂ ನಿಮ್ಮದು ನಕಲಿ ಅಂತ ತೋರಿಸಿತ್ತು. ಅದಕ್ಕೂ ಹಿಂದಿನ ಕತೆ ಬೇಕಿದ್ದರೆ ಬ್ರೇನ್ ವೈರಸ್. 1986ರಲ್ಲಿ ಲಾಹೋರಿನ ಇಬ್ಬರು ಅಣ್ಣತಮ್ಮಂದಿರು ತಮ್ಮ ವೈದ್ಯಕೀಯ ಸಾಫ್ಟ್‌ವೇರನ್ನು ಯಾರು ಯಾರು ಕಾಪಿ ಮಾಡುತ್ತಾರೆ ಅಂತ ಗೊತ್ತಾಗಲಿ ಎಂದು ಅದನ್ನು ಬರೆದೆವು ಅಂದರು. ಒಳಗೆ ತಮ್ಮ ಹೆಸರು, ವಿಳಾಸ, ಫೋನ್ ನಂಬರ್ ಎಲ್ಲ ಹಾಕಿದ್ದರು. ಪಿಸಿಗಳಲ್ಲಿ ಊರೂರು ಸುತ್ತಿದ ಮೊದಲ ವೈರಸ್ ಅದೇ.

ಈಗ ನಿಮ್ಮ ಅಂಗಡಿಗೆ ಬರೋಣ. ಕ್ರ್ಯಾಕ್ ಹಾಕುವಾಗ ಏನು ಮಾಡುತ್ತಾರೆ ಅಂತ ಗಮನ ಇಟ್ಟು ನೋಡಿದ್ದೀರಾ? ಮೊದಲ ಕೆಲಸ ಆಂಟಿವೈರಸ್ ಆಫ್ ಮಾಡುವುದು. ಜೊತೆಗೆ ಬಂದ ಕಾಗದದಲ್ಲೇ ಹಾಗೆ ಬರೆದಿರುತ್ತಾರೆ. ಆಮೇಲೆ ರೈಟ್ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ರನ್ ಮಾಡುವುದು. ಕಪ್ಪು ಕಿಟಕಿ ಒಂದು ಕ್ಷಣ ಬಂದು ಹೋಗುತ್ತದೆ, ಸಾಫ್ಟ್‌ವೇರ್ ತೆರೆದುಕೊಳ್ಳುತ್ತದೆ, ಎಲ್ಲರಿಗೂ ಖುಷಿ. ಆ ಒಂದು ಕ್ಷಣದಲ್ಲಿ, ಹೆಸರು ಊರು ಗೊತ್ತಿಲ್ಲದ ಯಾರದೋ ಪ್ರೋಗ್ರಾಂಗೆ ನಿಮ್ಮ ಮಷೀನಿನ ಪೂರ್ತಿ ಅಧಿಕಾರ ಕೊಟ್ಟಿರುತ್ತೀರಿ, ಅದೂ ಕಾವಲುಗಾರನನ್ನು ಹೊರಗೆ ಕಳಿಸಿದ ಮೇಲೆ. ರಿಪೇರಿಗೆ ಬಂದ ಎಷ್ಟೋ ಮಷೀನ್‌ಗಳಲ್ಲಿ ನಾನು ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಆದ ಡಿಫೆಂಡರ್‌ನ ಎಕ್ಸ್‌ಕ್ಲೂಷನ್ ಪಟ್ಟಿ ತೆಗೆದು ನೋಡುತ್ತೇನೆ. ಇಡೀ ಸಿ ಡ್ರೈವ್ ಅದರಲ್ಲಿ ಕೂತಿರುತ್ತದೆ. ಅಂದರೆ ಆಂಟಿವೈರಸ್ ಓಡುತ್ತಿದೆ ಅಂತ ಮೂಲೆಯಲ್ಲಿ ಹಸಿರು ಗುರುತು ಇದೆ, ಆದರೆ ಸಿ ಡ್ರೈವಿನಲ್ಲಿ ಏನಿದ್ದರೂ ನೋಡಬೇಡ ಅಂತ ಯಾರೋ ಅದಕ್ಕೆ ಹೇಳಿಟ್ಟಿದ್ದಾರೆ. ಮಾಲೀಕರಿಗೆ ಇದು ಗೊತ್ತೇ ಇರುವುದಿಲ್ಲ.

ಗಂಜ್ ಕಡೆ ಒಂದು ಅಂಗಡಿಯವರು ಲಗ್ನದ ಸೀಸನ್‌ನಲ್ಲಿ ಮಷೀನ್ ಹೊತ್ತುಕೊಂಡು ಬಂದರು. ಯಾವ ಫೈಲೂ ತೆರೆಯುತ್ತಿಲ್ಲ. ಪ್ರತಿ ಫೈಲಿನ ಹೆಸರಿನ ಕೊನೆಗೆ ಅರ್ಥ ಇಲ್ಲದ ನಾಲ್ಕು ಅಕ್ಷರ ಸೇರಿದ್ದವು, ಪ್ರತಿ ಫೋಲ್ಡರ್‌ನಲ್ಲೂ ಒಂದು ರೀಡ್‌ಮಿ ಚೀಟಿ. 980 ಡಾಲರ್ ಕೊಡು, 72 ಗಂಟೆಯೊಳಗೆ ಕೊಟ್ಟರೆ 490. ನೋಡಿದ ಕೂಡಲೇ ಗೊತ್ತಾಯಿತು, ಇದು ಸ್ಟಾಪ್ ಅನ್ನುವ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ್‍ಯಾನ್ಸಮ್‌ವೇರ್, ಹೆಚ್ಚಾಗಿ ಹಬ್ಬುವುದೇ ಕ್ರ್ಯಾಕ್‌ಗಳ ಮೂಲಕ. "ನಾ ಏನೂ ಮಾಡಿಲ್ರಿ, ಕೋರೆಲ್ ಒಂದ ಹೊಸಾದು ಹಾಕೀನಿ" ಅಂದರು ಪಾಪ. ಲಗ್ನಪತ್ರಿಕೆಯ ಡಿಸೈನ್‌ಗಳೆಲ್ಲ ಹೋದವು, ಬ್ಯಾಕಪ್ ಇರಲಿಲ್ಲ, ವಾಟ್ಸಾಪಿನಲ್ಲಿ ಗಿರಾಕಿಗಳಿಗೆ ಕಳಿಸಿದ ಫೋಟೋ ನೋಡಿಕೊಂಡು ಮತ್ತೆ ಕೂತು ಮಾಡಿದರು. ಆದರೆ ನನಗೆ ಹೆಚ್ಚು ಚಿಂತೆಯಾಗಿದ್ದು ಡಿಸೈನ್‌ಗಳದ್ದಲ್ಲ. ಈ ಜಾತಿಯ ಕ್ರ್ಯಾಕ್‌ಗಳ ಜೊತೆ ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್ ಕದಿಯುವ ಇನ್ನೊಂದು ಪ್ರೋಗ್ರಾಂ ಕೂಡ ಬರುವುದುಂಟು. ಅದು ಚೀಟಿ ಇಟ್ಟು ಹೋಗುವುದಿಲ್ಲ. ಸುಮ್ನೆ ಕೆಲಸ ಮುಗಿಸಿ ಹೋಗುತ್ತದೆ.

ನಿಮ್ಮ ಅಂಗಡಿಗೆ ಯಾರು ಬರುತ್ತಾರೆ, ಯೋಚನೆ ಮಾಡಿ. ಅಫಜಲಪುರದಿಂದ ಬಸ್ ಹತ್ತಿ ಬಂದ ಅಜ್ಜಿ ಪಿಂಚಣಿಗೆ ಆಧಾರ್, ಪಾಸ್‌ಬುಕ್ ಕೊಡುತ್ತಾಳೆ. ಚಿತ್ತಾಪುರದ ರೈತ ಬೆಳೆ ವಿಮೆಗೆ, ತೊಗರಿ ಬೆಂಬಲ ಬೆಲೆಯ ನೋಂದಣಿಗೆ ಪಹಣಿ ಕೊಡುತ್ತಾನೆ, ಒಟಿಪಿ ಬಂದರೆ ಫೋನನ್ನೇ ನಿಮ್ಮ ಕೈಗೆ ಕೊಡುತ್ತಾನೆ. ಹುಡುಗರ ಮಾರ್ಕ್ಸ್ ಕಾರ್ಡು, ಜಾತಿ ಪ್ರಮಾಣಪತ್ರ ಎಲ್ಲ ನಿಮ್ಮ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಬಿದ್ದಿರುತ್ತವೆ. ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ನೀವು ಏನಾದರೂ ಹಾಕಿಕೊಂಡರೆ ಹೋಗೋದು ನಿಮ್ಮದೇ. ಇಲ್ಲಿ ಹಾಗಲ್ಲ, ಅಲ್ವಾ? ಆ ಅಜ್ಜಿಯ ಖಾತೆಯಿಂದ ದುಡ್ಡು ಹೋದರೆ ಅದು ನಿಮ್ಮ ಮಷೀನಿನಿಂದ ಹೋಯಿತು ಅಂತ ಅವಳಿಗೆ ಯಾವತ್ತೂ ಗೊತ್ತಾಗುವುದಿಲ್ಲ. ನಿಮಗೂ ಗೊತ್ತಾಗುವುದಿಲ್ಲ.

ಕಾನೂನು ಚಿಕ್ಕದಾಗಿ ಹೇಳುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮು ಪ್ರಕಾರ, ನಕಲಿ ಅಂತ ಗೊತ್ತಿದ್ದೂ ಕಂಪ್ಯೂಟರ್ ಪ್ರೋಗ್ರಾಂ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರಕ್ಕೆ ಬಳಸಿಲ್ಲ ಅಂದರೆ ಕೋರ್ಟು ಜೈಲು ಬಿಟ್ಟು ಬರೀ ದಂಡ ಹಾಕಬಹುದು. ನಿಮ್ಮದು ಅಂಗಡಿ, ಆ ರಿಯಾಯಿತಿ ನಿಮಗೆ ಸಿಗುವುದು ಕಷ್ಟ. ದುಡ್ಡು ಕೊಟ್ಟು ತೊಗೊಂಡ ಸಾಫ್ಟ್‌ವೇರಿನ ಬ್ಯಾಕಪ್ ಕಾಪಿ ಇಟ್ಟುಕೊಳ್ಳೋಕೆ ಮಾತ್ರ ಅದೇ ಕಾಯ್ದೆಯಲ್ಲಿ ಅವಕಾಶ ಇದೆ.

"ಹಂಗಾರ ದಂಧಾ ಹೆಂಗ ಮಾಡೋದ್ರಿ, ಲಕ್ಷ ರೂಪಾಯಿ ಸಾಫ್ಟ್‌ವೇರ್ ಎಲ್ಲಿಂದ ತರೋದು" ಅಂತ ಎಲ್ಲರೂ ಕೇಳುತ್ತಾರೆ. ನಿಮ್ಮಂಥ ಅಂಗಡಿಗೆ ಅಷ್ಟು ಬೇಕಾಗುವುದೇ ಇಲ್ಲ. ಕನ್ನಡ ಟೈಪಿಂಗ್‌ನದ್ದೇ ನೋಡಿ. ಒಂದು ಕಾಲಕ್ಕೆ ಅದಕ್ಕೂ ಲಾಕ್ ಬೇಕಿತ್ತು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿಯನ್ನು ಸರ್ಕಾರವೇ ಉಚಿತವಾಗಿ ಕೊಟ್ಟಿತು. ಅಲ್ಲಿಂದ ಕನ್ನಡ ಟೈಪ್ ಮಾಡೋಕೆ ಕಳ್ಳ ಕಾಪಿ ಹುಡುಕುವ ಅಗತ್ಯವೇ ಉಳಿಯಲಿಲ್ಲ. ಯಾವ ಡಾಂಗಲೂ ಮಾಡದ ಕೆಲಸ ಅದು. ಪತ್ರ, ಅರ್ಜಿ, ಬಯೋಡೇಟಾಗೆ ಲಿಬ್ರೆ ಆಫೀಸ್ ಸಾಕು. ಪಾಸ್‌ಪೋರ್ಟ್ ಸೈಜ್ ಫೋಟೋಗೆ ಗಿಂಪ್. ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡಿಗೆ ಇಂಕ್‌ಸ್ಕೇಪ್. ಆಫ್‌ಸೆಟ್ ಪ್ರೆಸ್ಸಿಗೆ ಕಳಿಸುವುದಿದ್ದರೆ ಸ್ಕ್ರೈಬಸ್‌ನಲ್ಲಿ ಜೋಡಿಸಿ ಪ್ರೆಸ್ಸಿನ ನಾಲ್ಕು ಬಣ್ಣದ (ಸಿಎಂವೈಕೆ) ಪಿಡಿಎಫ್ ತೆಗೆಯಿರಿ. ಇವೆಲ್ಲವನ್ನೂ ವ್ಯಾಪಾರಕ್ಕೂ ಉಚಿತವಾಗಿ ಬಳಸಬಹುದು. ಕೈ ಕೂರೋಕೆ ಸ್ವಲ್ಪ ದಿನ ಬೇಕು, ಅದನ್ನು ಮುಚ್ಚಿಡುವುದಿಲ್ಲ. ಮೊದಲ ವಾರ ಕೋರೆಲ್‌ನ ಶಾರ್ಟ್‌ಕಟ್ ಒತ್ತಿ ಒತ್ತಿ ಬೇಜಾರಾಗುತ್ತದೆ.

ಒಂದು ನಿಜವಾದ ತೊಡಕಿದೆ. ಫ್ಲೆಕ್ಸ್ ಹೊಡೆಯುವವರು, ಕೆಲವು ಪ್ರೆಸ್‌ನವರು ಕೋರೆಲ್‌ನ ಸಿಡಿಆರ್ ಫೈಲೇ ಬೇಕು ಅನ್ನುತ್ತಾರೆ. ಅಕ್ಷರಗಳನ್ನು ಪಾತ್ (ಅಂದರೆ ಫಾಂಟ್ ಬೇಡದ ಗೆರೆಯ ಆಕಾರ) ಮಾಡಿ ಪಿಡಿಎಫ್ ಕೊಟ್ಟು ನೋಡಿ, ಬಹಳಷ್ಟು ಮಂದಿ ಒಪ್ಪುತ್ತಾರೆ, ಫಾಂಟ್ ಕೆಡುವ ರಗಳೆಯೂ ತಪ್ಪುತ್ತದೆ. ದಿನಾ ಫ್ಲೆಕ್ಸ್ ಕೆಲಸವೇ ಜಾಸ್ತಿ ಆದರೆ ಆಗ ಒಂದು ಮಷೀನಿಗೆ ಮಾತ್ರ ಕೋರೆಲ್ ಅಸಲಿ ತೊಗೊಳ್ಳಿ, ಆ ಕೆಲಸವೇ ಅದರ ದುಡ್ಡು ದುಡಿದು ಕೊಡುತ್ತದೆ.

ವಿಂಡೋಸ್ ಮಾತ್ರ ನಿಮಗೆ ಬೇಕೇ ಬೇಕು, ಹೆಬ್ಬೆರಳ ಗುರುತು ತೆಗೆಯುವ ಥಂಬ್ ಡಿವೈಸ್‌ಗಳ ಡ್ರೈವರ್ ಹೆಚ್ಚಾಗಿ ಅದಕ್ಕೇ ಇರುತ್ತವೆ. ಅದಕ್ಕೆ ಅಸೆಂಬಲ್ ಮಾಡಿಸುವ ಬದಲು ವಿಂಡೋಸ್ ಸಮೇತ ಬರುವ ಕಂಪನಿ ಮಷೀನೇ ತೊಗೊಳ್ಳಿ. ಇದರಿಂದ ನನಗೆ ಒಂದು ಗಿರಾಕಿ ಕಮ್ಮಿ, ಆದರೂ ಇದೇ ಸರಿ. ಆನ್‌ಲೈನ್‌ನಲ್ಲಿ ಐನೂರು ರೂಪಾಯಿಗೆ ಬರೀ ಕೀ ನಂಬರ್ ಮಾರುವವರ ಹತ್ತಿರ ಹೋಗಬೇಡಿ, ಅದು ಎಷ್ಟೋ ಸಲ ಯಾವುದೋ ದೊಡ್ಡ ಆಫೀಸಿನ ಕೀ ಆಗಿರುತ್ತದೆ, ಯಾವಾಗ ಬೇಕಾದರೂ ಬಂದ್ ಆಗಬಹುದು. ಸೆಕೆಂಡ್ ಹ್ಯಾಂಡ್ ತೊಗೊಳ್ಳುವುದಾದರೆ ವಿಂಡೋಸ್ 11 ನಡೆಯುವ ಮಷೀನೋ ಅಂತ ಕೇಳಿ, ಯಾಕೆಂದರೆ ವಿಂಡೋಸ್ 10ಕ್ಕೆ ಕಂಪನಿಯ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬಿಲ್ಲಿನಲ್ಲಿ ವಿಂಡೋಸ್ ಹೆಸರು ಬರೆಸಿಕೊಳ್ಳಿ. ಅಂಗಡಿಯವರು ಬರೆಯೋಕೆ ಹಿಂದೆಮುಂದೆ ನೋಡಿದರೆ ಬೇರೆ ಅಂಗಡಿಗೆ ಹೋಗಿ.