ಅತ್ತಿಗೆಗೆ ಹತ್ತು ಪುಸ್ತಕದ ಪಟ್ಟಿ ಕಳಿಸಿದವರಿಗೆ

ಸರ್, ನಿಮ್ಮ ಪೋಸ್ಟ್ ನೋಡಿ ಸುಮ್ಮನಿರೋಕಾಗಲಿಲ್ಲ. ಸಮಕಾಲೀನ ಕಾದಂಬರಿಗಳನ್ನೇ ಓದುತ್ತಾ ಬಂದ ನಿಮ್ಮ ಅತ್ತಿಗೆ "ಒಂದು ಒಳ್ಳೆ ಕ್ರೈಮ್ ಇದ್ದರೆ ಹೇಳು" ಅಂದರು. ನೀವು ಹತ್ತು ಹೆಸರು ಬರೆದು ಕೈತೊಳೆದುಕೊಂಡಿರಿ. ಪಟ್ಟಿಯ ತಲೆಗೇ ಜೋ ನೆಸ್ಬೊನ 'ದ ಡೆವಿಲ್ಸ್ ಸ್ಟಾರ್'. ಅವರು ಅರ್ಧಕ್ಕೇ ಇಟ್ಟರು, ಈಗ ನೀವು "ಅವರಿಗೆ ಕ್ರೈಮ್ ಆಗಿಬರಲ್ಲ" ಅಂತ ತೀರ್ಪು ಕೊಡ್ತಿದ್ದೀರಿ. ಇದೇ ಪುಸ್ತಕವನ್ನು ಮೊದಲು ಕೊಟ್ಟು ಪೆಟ್ಟು ತಿಂದವರಲ್ಲಿ ನಾನೂ ಒಬ್ಬ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

'ಡೆವಿಲ್ಸ್ ಸ್ಟಾರ್' ಪೊಲೀಸ್ ಪತ್ತೇದಾರ ಹ್ಯಾರಿ ಹೂಲೆಯ ಸರಣಿಯಲ್ಲಿ ಐದನೆಯದು. ನಾರ್ವೆಯಲ್ಲಿ ಬಂದಿದ್ದು 2003ರಲ್ಲಿ. ಆದರೆ ಇಂಗ್ಲಿಷಿಗೆ ಮೊದಲು ಬಂದಿದ್ದು ಅದೇ, 2005ರಲ್ಲಿ. ಮೂರನೆಯದಾದ 'ದ ರೆಡ್‌ಬ್ರೆಸ್ಟ್' 2006ರಲ್ಲಿ, ನಾಲ್ಕನೆಯ 'ನೆಮೆಸಿಸ್' 2008ರಲ್ಲಿ, ಮೊದಲನೆಯ 'ದ ಬ್ಯಾಟ್' 2012ರಲ್ಲಿ! ಇಂಗ್ಲಿಷ್ ಇಸವಿ ನೋಡಿ ಕ್ರಮ ಹಾಕಿದರೆ ಎಲ್ಲರೂ ಬೀಳೋದು ಇದೇ ಗುಂಡಿಗೆ. 'ರೆಡ್‌ಬ್ರೆಸ್ಟ್'ನಲ್ಲಿ ಆಗುವ ಒಂದು ಸಾವಿನ ಲೆಕ್ಕ ಚುಕ್ತಾ ಆಗೋದು 'ಡೆವಿಲ್ಸ್ ಸ್ಟಾರ್'ನಲ್ಲಿ. ಹಿಂದಿನ ಎರಡು ಓದದವರಿಗೆ ಹ್ಯಾರಿ ಒಬ್ಬ ಸಹೋದ್ಯೋಗಿಯ ಮೇಲೆ ಯಾಕೆ ಹಾಗೆ ಕುದೀತಾನೆ ಅನ್ನೋದೇ ತಟ್ಟಲ್ಲ, ಮತ್ತೆ ಹಿಂದಿನವುಗಳ ಗುಟ್ಟೂ ರಟ್ಟಾಗಿರುತ್ತೆ. ಮೂರು, ನಾಲ್ಕು, ಐದು ಈ ಕ್ರಮದಲ್ಲಿ ಕೊಡಿ. ಮೊದಲೆರಡನ್ನು ಆಮೇಲೆ ಓದಿದರೂ ನಡೆಯುತ್ತೆ. ಅನುವಾದದ ಸರಣಿ ಯಾವುದೇ ಇರಲಿ, ಕಾಪಿರೈಟ್ ಪುಟ ತೆಗೆದು ಮೂಲ ಭಾಷೆಯಲ್ಲಿ ಮೊದಲು ಬಂದ ಇಸವಿ ನೋಡಿ. ಮುಖಪುಟದ ಮೇಲೆ ದೊಡ್ಡಕ್ಷರದಲ್ಲಿ "ಹ್ಯಾರಿ ಹೂಲೆ ಕಾದಂಬರಿ" ಅಂತಿರುತ್ತೆ, ಎಷ್ಟನೆಯದು ಅಂತ ಹೇಳೋಕೆ ಪ್ರಕಾಶಕರಿಗೆ ಏನು ಕಷ್ಟವೋ.

ಇನ್ನೊಂದು, "ಯಾವ ಥರದ್ದು ಇಷ್ಟ?" ಅಂತ ಕೇಳಬೇಡಿ. ಎಲ್ಲರೂ ಹೇಳೋದು "ಒಳ್ಳೆ ಕಥೆ ಇರಬೇಕು" ಅಂತಲೇ. ಕೊನೆಯದಾಗಿ ಅರ್ಧಕ್ಕೆ ಬಿಟ್ಟ ಪುಸ್ತಕ ಯಾವುದು, ಎಷ್ಟನೇ ಪುಟದಲ್ಲಿ, ಬಿಟ್ಟ ದಿನ ಏನು ಕಿರಿಕಿರಿ ಆಯ್ತು ಅಂತ ಕೇಳಿ. 30ರ ಒಳಗೆ ಬಿಟ್ಟಿದ್ದರೆ ಸಾಮಾನ್ಯವಾಗಿ ಹೆಸರುಗಳ ಗೋಜಲು, ಇಲ್ಲವೇ ಮೊದಲ ಅಧ್ಯಾಯದಲ್ಲೇ ಮೂರು ಕಾಲ ಬೆರೆಸಿದ್ದು. ನೂರು ನೂರೈವತ್ತರ ಹತ್ತಿರ ಬಿಟ್ಟಿದ್ದರೆ ತನಿಖೆ ಸಡಿಲಾಗಿ ಪತ್ತೇದಾರನ ಕುಡಿತ, ಡಿವೋರ್ಸುಗಳ ಪುರಾಣ ಶುರುವಾಗಿರುತ್ತೆ. ಪೂರ್ತಿ ಓದಿ ಬೈದಿದ್ದರೆ ಅದು ಅಂತ್ಯದ ತಕರಾರು. ಮೂರಕ್ಕೂ ಮದ್ದು ಬೇರೆ ಬೇರೆ. ಹೆಸರಿನ ಗೋಜಲಿಗಂತೂ ಬುಕ್‌ಮಾರ್ಕ್ ಅಳತೆಯ ಚೀಟಿ ಸಾಕು: ಎಂಟು ಹೆಸರು, ಮುಂದೆ ಒಂದೊಂದು ಪದದಲ್ಲಿ ಸಂಬಂಧ. ನೀವೇ ಬರೆದು ಪುಸ್ತಕದೊಳಗೆ ಇಟ್ಟುಕೊಡಿ. ಅವರನ್ನು ವಿಕಿಪೀಡಿಯಾಕ್ಕೆ ಮಾತ್ರ ಕಳಿಸಬೇಡಿ, ಅಲ್ಲಿ ಪಾತ್ರದ ಹೆಸರಿನ ಪಕ್ಕದಲ್ಲೇ ಕೊಲೆಗಾರ ಯಾರು ಅಂತ ಬರೆದಿರುತ್ತಾರೆ.

ನಿಮ್ಮ ಅತ್ತಿಗೆಗೆ 'ಘಾಚರ್ ಘೋಚರ್' ಇಷ್ಟ ಅಂದಿದ್ದೀರಿ. ಇಡೀ ಪೋಸ್ಟ್‌ನಲ್ಲಿ ಉಪಯೋಗಕ್ಕೆ ಬರುವ ಮಾತು ಅದೊಂದೇ. ಮನೆಮಂದಿಯೆಲ್ಲ ಸೇರಿ ಇರುವೆ ಕೊಲ್ಲುವ ಆ ಪುಟಗಳನ್ನು ಮೈ ಜುಮ್ಮೆನಿಸಿಕೊಂಡು ಓದಿದವರಿಗೆ ಪೊಲೀಸ್ ಠಾಣೆ ಬೇಕಿಲ್ಲ, ಮನೆಯೊಳಗಿನ ಅಪರಾಧ ಬೇಕು. ಓಯಿಂಕಾನ್ ಬ್ರೈತ್‌ವೇಟ್‌ಳ 'ಮೈ ಸಿಸ್ಟರ್, ದ ಸೀರಿಯಲ್ ಕಿಲ್ಲರ್' (2018) ಕೊಡಿ. ಲೇಗೋಸ್ ನಗರ, ಅಕ್ಕ ನರ್ಸ್, ತಂಗಿ ಮೂರನೇ ಪ್ರಿಯಕರನನ್ನೂ ಕೊಂದು ಅಕ್ಕನಿಗೆ ಫೋನ್ ಮಾಡ್ತಾಳೆ. ಮೊದಲ ಕೆಲವೇ ಪುಟಗಳಲ್ಲಿ ಅಕ್ಕ ಬ್ಲೀಚ್ ಹಿಡಿದು ಬಾತ್‌ರೂಮ್ ಉಜ್ಜುತ್ತಿರುತ್ತಾಳೆ. ಕೊಂದವರು ಯಾರು ಅಂತ ಮುಚ್ಚಿಡುವ ಆಟವೇ ಇಲ್ಲ. ಅಕ್ಕ ಎಲ್ಲೀತನಕ ಮುಚ್ಚಿಡ್ತಾಳೆ ಅನ್ನೋದೇ ಕುತೂಹಲ. ಅಧ್ಯಾಯಗಳು ಎರಡು ಮೂರು ಪುಟದವು, ಹಾಗಾಗಿ ನಡುವೆ ಬಿಡೋಕೆ ಜಾಗವೇ ಸಿಗಲ್ಲ.

ಅದು ಹಿಡಿಸಿದರೆ ಮುಂದಿನದು ಕೀಗೊ ಹಿಗಾಶಿನೊನ 'ದ ಡಿವೋಶನ್ ಆಫ್ ಸಸ್ಪೆಕ್ಟ್ ಎಕ್ಸ್'. ಅಲ್ಲೂ ಕೊಲೆ ಕಣ್ಣೆದುರೇ ಆಗುತ್ತೆ, ಪಕ್ಕದ ಮನೆಯ ಗಣಿತದ ಮೇಷ್ಟ್ರು ಅದನ್ನು ಹೇಗೆ ಮರೆಸ್ತಾರೆ ಅನ್ನೋದು ಕಥೆ. ಸರಣಿಯಲ್ಲಿ ಮೊದಲನೆಯದಲ್ಲ, ಆದರೂ ಒಂಟಿಯಾಗಿ ಓದಬಹುದು. ನೆಸ್ಬೊಗೆ ಹೇಳಿದ ಕ್ರಮದ ನಿಯಮ ಇಲ್ಲಿ ಹೇರಬೇಡಿ.

ನಿಮ್ಮ ಪಟ್ಟಿಯ ಟಾನಾ ಫ್ರೆಂಚ್ ಬಗ್ಗೆ ಎಚ್ಚರ. ಬರವಣಿಗೆ ಸೊಗಸು, ಸಮಕಾಲೀನ ಕಾದಂಬರಿ ಓದುವವರಿಗೆ ಒಗ್ಗುತ್ತೆ. ಆದರೆ ಎಲ್ಲ ಗಂಟೂ ಬಿಚ್ಚಲೇಬೇಕು ಅನ್ನುವವರಿಗೆ 'ಇನ್ ದ ವುಡ್ಸ್' (2007) ಕೊಟ್ಟರೆ ಪುಸ್ತಕ ನಿಮ್ಮ ಮೇಲೇ ಬಂದು ಬೀಳುತ್ತೆ. ಜೊತೆಗೆ ಅದರಲ್ಲಿ ಸಾಯೋದು ಹನ್ನೆರಡು ವರ್ಷದ ಹುಡುಗಿ. ಮಕ್ಕಳ ಸಾವು ಓದೋಕಾಗಲ್ಲ ಅನ್ನುವವರು ಬಹಳ ಜನ, ಕೇಳದೆ ಕೊಡಬೇಡಿ. ಅದೇ ಸರಣಿಯ 'ದ ಲೈಕ್‌ನೆಸ್' ಅದರ ನಂತರವೇ, ಯಾಕಂದರೆ ಕಥೆ ಹೇಳೋದು ಮೊದಲನೆಯದರ ಪತ್ತೇದಾರನ ಜೊತೆಗಾರ್ತಿ ಕ್ಯಾಸಿ. 'ಫೇತ್‌ಫುಲ್ ಪ್ಲೇಸ್' ಬೇಕಾದರೆ ನೇರವಾಗಿ ಕೈಗೆತ್ತಿಕೊಳ್ಳಬಹುದು.

ಜಾನಿಸ್ ಹ್ಯಾಲೆಟ್‌ಳ 'ದಿ ಅಪೀಲ್' (2021) ಆಡಿಯೊದಲ್ಲಿ ಕೊಡೋಕೆ ಹೊರಟಿದ್ದೀರಲ್ಲ, ದಯವಿಟ್ಟು ಬೇಡ. ಇಡೀ ಪುಸ್ತಕ ಇಮೇಲ್, ಮೆಸೇಜುಗಳಲ್ಲೇ ಇದೆ. ಯಾರು, ಯಾರಿಗೆ, ಯಾವ ದಿನ ಬರೆದರು ಅನ್ನೋದರಲ್ಲೇ ಸುಳಿವು, ಹಿಂದೆ ಹೋಗಿ ನೋಡ್ತಲೇ ಇರಬೇಕು. ಫೋನಿನ ಪುಟ್ಟ ಪರದೆಯೂ ಸಾಲದು, ಕಾಗದದ ಪ್ರತಿಯೇ ಆಗಬೇಕು. ಆಡಿಯೊಗೆ ಒಬ್ಬನೇ ನಿರೂಪಕ, ನೇರ ಕಾಲಕ್ರಮ ಇರುವಂಥದ್ದು ಹುಡುಕಿ. ಇನ್ನು ಗುಡ್‌ರೀಡ್ಸ್ ಜಾಲತಾಣದಲ್ಲಿ ಓದುಗರು ಕೊಟ್ಟ ನಕ್ಷತ್ರ ನೋಡಿ ಪಟ್ಟಿ ಮಾಡಿದ್ದೀನಿ ಅಂತ ಹೆಮ್ಮೆಯಿಂದ ಬರೆದಿದ್ದೀರಿ. ಸರಣಿಯ ಏಳನೆಯದಕ್ಕೆ ನಕ್ಷತ್ರ ಜಾಸ್ತಿ ಇದ್ದೇ ಇರುತ್ತೆ, ಬೇಜಾರಾದವರು ಎರಡನೆಯದಕ್ಕೇ ಬಿಟ್ಟು ಹೋಗಿರ್ತಾರಲ್ಲ! ನಾನಂತೂ ಎರಡು ಮೂರು ನಕ್ಷತ್ರದ ವಿಮರ್ಶೆ ಮಾತ್ರ ಓದೋದು. "ತುಂಬಾ ನಿಧಾನ, ಬರೀ ಸಂಸಾರದ ಗೋಳು" ಅಂತ ಯಾರಾದರೂ ಬೈದಿದ್ದರೆ ನಿಮ್ಮ ಅತ್ತಿಗೆಗೆ ಬೇಕಾದ್ದು ಅದೇ ಇರಬಹುದು.

ಕೊಡುವಾಗ "ಕೊನೆಯಲ್ಲಿ ಒಂದು ಟ್ವಿಸ್ಟ್ ಇದೆ ನೋಡಿ" ಅಂತ ದಯವಿಟ್ಟು ಬಾಯಿ ಬಿಡಬೇಡಿ. ಕೇಳಿಸಿಕೊಂಡವರು ಎರಡನೇ ಅಧ್ಯಾಯದಿಂದಲೇ ಪ್ರತಿ ಪಾತ್ರವನ್ನೂ ಅನುಮಾನಿಸ್ತಾ ಕೂರ್ತಾರೆ. ಹಿಂಬದಿ ಪುಟದಲ್ಲಿ ಹಾಗೇ ಅಚ್ಚಾಗಿದ್ದರೆ ಹೊದಿಕೆ ತೆಗೆದೇ ಕೊಡಿ.

ನಿಮ್ಮ ತಮ್ಮನ ಮಾತೂ ಬರೆದಿದ್ದೀರಿ, ಬರೀ ಕ್ರೈಮ್ ಓದ್ತಾನೆ, ಬೇರೇನೂ ಮುಟ್ಟಲ್ಲ ಅಂತ. ಅವನಿಗೆ ಉಲ್ಟಾ ದಾರಿ. ಕ್ಲೇರ್ ಕೀಗನ್‌ಳ 'ಸ್ಮಾಲ್ ಥಿಂಗ್ಸ್ ಲೈಕ್ ದೀಸ್' (2021) ಕೊಡಿ. 120 ಪುಟವೂ ಇಲ್ಲ. 1985ರ ಐರ್ಲೆಂಡ್, ಕಲ್ಲಿದ್ದಲು ಮಾರುವವನೊಬ್ಬ ಕ್ರೈಸ್ತ ಸನ್ಯಾಸಿನಿಯರ ಕಾನ್ವೆಂಟಿಗೆ ಲೋಡ್ ಇಳಿಸೋಕೆ ಹೋಗಿ ನೋಡಬಾರದ್ದನ್ನು ನೋಡ್ತಾನೆ. ಊರಿಗೆಲ್ಲ ಗೊತ್ತು, ಯಾರೂ ಬಾಯಿ ಬಿಡಲ್ಲ. ಸಾಹಿತ್ಯ ಗೀಹಿತ್ಯ ಅಂತ ಹೇಳದೆ ಸುಮ್ಮನೆ ಕೊಟ್ಟುಬಿಡಿ.

ಆ ಹತ್ತರ ಮೆಸೇಜ್ ಅಳಿಸಿ, ಅತ್ತಿಗೆಗೆ ಬ್ರೈತ್‌ವೇಟ್ ಒಂದೇ ಕೊಡಿ. ಎಷ್ಟನೇ ಪುಟಕ್ಕೆ ನಿಂತರು ಅಥವಾ ಎಷ್ಟು ದಿನದಲ್ಲಿ ಮುಗಿಸಿದರು ಅಂತ ಇದರ ಕೆಳಗೇ ಹಾಕಿ, ಹಿಗಾಶಿನೊ ಕೊಡಬೇಕೋ ಬೇಡವೋ ಆಮೇಲೆ ಹೇಳ್ತೀನಿ.